ಜ್ವರ ಅಂತ ಬರೀರಿ

ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಬರುತ್ತಿದ್ದ ಕಾಯಿಲೆ ಒಂದೇ, ಜ್ವರ. ಗರ್ಭಪಾತವಾದವಳಿಗೂ ಜ್ವರ, ಮೂಲವ್ಯಾಧಿಗೆ ಆಪರೇಷನ್ ಆದವನಿಗೂ ಜ್ವರ, ಬೋನಾಲು ಹಬ್ಬದಲ್ಲಿ ಕುಡಿದು ಬಿದ್ದು ಹಲ್ಲು ಮುರಿದುಕೊಂಡವನಿಗೂ ಜ್ವರ. ಹೈದರಾಬಾದಿನ ಉಪ್ಪಲ್‌ನ ಒಂದು ಸರ್ಕಾರಿ ಕಂಪನಿಯಲ್ಲಿ 1981ರಿಂದ 2015ರವರೆಗೆ ರಜೆಯ ಫೈಲು ನನ್ನ ಮೇಜಿನ ಮೇಲೇ ಇತ್ತು. ಕಂಪನಿಯ ಹೆಸರು ಬೇಡ. ಅದರ ಗ್ರ್ಯಾಚುಯಿಟಿಯಲ್ಲೇ ಮನೆ ಕಟ್ಟಿಸಿದ್ದೇನೆ.

ಮೆಡಿಕಲ್ ಸರ್ಟಿಫಿಕೇಟಿನ ಒಕ್ಕಣೆ ನನಗೆ ಈಗಲೂ ಬಾಯಿಪಾಠ. ಮೇಲೆ ರೋಗಿಯ ಸಹಿ, ಇಲ್ಲವೇ ಹೆಬ್ಬೆಟ್ಟು. ಅದರ ಕೆಳಗೆ ಗುರುತಿನ ಮಚ್ಚೆ ಎರಡು. ಆಮೇಲೆ ಡಾಕ್ಟರು ಇಂಗ್ಲಿಷಿನಲ್ಲಿ, ತಾನು ಜಾಗ್ರತೆಯಿಂದ ಪರೀಕ್ಷಿಸಿದ್ದಾಗಿಯೂ, ಸಹಿ ಮಾಡಿದವರು ಇಂಥದರಿಂದ ನರಳುತ್ತಿರುವುದಾಗಿಯೂ, ಇಷ್ಟು ದಿನ ಕೆಲಸಕ್ಕೆ ಬಾರದಿರುವುದು ಅತ್ಯಗತ್ಯವೆಂದೂ ದೃಢೀಕರಿಸಬೇಕು. ‘ಇಂಥದರಿಂದ’ ಎನ್ನುವ ಕಡೆ ಎರಡು ಇಂಚಿನ ಖಾಲಿ ಗೆರೆ. ನಾನು ಹೇಳಹೊರಟಿರುವುದು ಆ ಗೆರೆಯ ಕಥೆ.

‘ರಜಾ’ ಎಂಬ ಮಾತು ಅರಬ್ಬಿಯಿಂದ ಉರ್ದು, ಮರಾಠಿಗಳ ದಾರಿ ಹಿಡಿದು ನಮಗೆ ಬಂದದ್ದು. ಮೂಲದಲ್ಲಿ ಅದಕ್ಕೆ ಸಮ್ಮತಿ ಎಂದರ್ಥ. ಯಾರ ಸಮ್ಮತಿ? ಧಣಿಯದು. ಹಾಸಿಗೆ ಹಿಡಿದವನ ಸಮ್ಮತಿಯನ್ನು ಯಾರೂ ಕೇಳಿದ್ದಿಲ್ಲ.

ನಮ್ಮಪ್ಪ ಬೀದರ್ ಕಡೆಯವರು, ಬಸ್ ಡ್ರೈವರು. ನಿಜಾಮರ ರೈಲ್ವೆ 1932ರಲ್ಲಿ 27 ಬಸ್ಸು, 166 ನೌಕರರನ್ನಿಟ್ಟುಕೊಂಡು ಶುರುಮಾಡಿದ್ದ ರಸ್ತೆ ಸಾರಿಗೆ ಅದು. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ಬೀದರ್, ಕಲಬುರಗಿ, ರಾಯಚೂರು ಮೈಸೂರಿನ ಕಡೆಗೆ ಹೋದವು. ಅಪ್ಪ ಇಲ್ಲೇ ಉಳಿದರು. 1958ರ ಜನವರಿ 11ಕ್ಕೆ ಇಲಾಖೆ ಆಂಧ್ರಪ್ರದೇಶದ ನಿಗಮವಾಯಿತು. ನಾನು ಕಾಚಿಗೂಡದ ನೃಪತುಂಗ ಶಾಲೆಯಲ್ಲಿ ಕನ್ನಡ ಓದಿದೆ. ಡ್ರೈವರುಗಳ ಮನೆಯಲ್ಲಿ ದೆವ್ವದ ಹೆಸರಿನ ಹಾಗೆ ದನಿ ತಗ್ಗಿಸಿ ಆಡುತ್ತಿದ್ದ ಮಾತೆಂದರೆ ‘ಅನ್‌ಫಿಟ್’. ಕಣ್ಣಿನ ತಪಾಸಣೆ ಹತ್ತಿರ ಬಂದರೆ ಅಪ್ಪ ಗೋಡೆಯ ಪಟ್ಟಿಯ ಅಕ್ಷರಗಳನ್ನು ಯಾರಿಂದಲೋ ಬರೆಸಿಕೊಂಡು ಬಂದು ಉರು ಹೊಡೆಯುತ್ತಿದ್ದರು. ಕೊನೆಯ ಸಾಲು ನನಗೂ ಬರುತ್ತಿತ್ತು.

ಹಾಗೆ ಬೆಳೆದವಳು ಕೆಲಸಕ್ಕೆ ಸೇರಿದ ಮೂರನೇ ವರ್ಷದಲ್ಲೇ ಮಾಡಬಾರದ್ದನ್ನು ಮಾಡಿದೆ. 1984. ನಮ್ಮ ಅಟೆಂಡರೊಬ್ಬ ಎರ್ರಗಡ್ಡದ ಎದೆರೋಗದ ಆಸ್ಪತ್ರೆಯಿಂದ ನಿಜವಾದ ಸರ್ಟಿಫಿಕೇಟ್ ತಂದ. ಗೆರೆಯ ಮೇಲೆ ಕ್ಷಯ ಎಂದಿತ್ತು. ಸೂಪರಿಂಟೆಂಡೆಂಟರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದವಳು ನಾನೇ. ಸುತ್ತ ಎಂಟು ಮೇಜು, ಹದಿನಾರು ಕಿವಿ. ಅವನು ಗುಣವಾಗಿ ಫಿಟ್‌ನೆಸ್ ಸರ್ಟಿಫಿಕೇಟ್ ಹಿಡಿದು ವಾಪಸು ಬರುವ ಹೊತ್ತಿಗೆ ಕ್ಯಾಂಟೀನಿನ ಕಿಟಕಿಯ ಮೇಲೆ ಅವನದೊಂದು ಗ್ಲಾಸು ಬೇರೆ ಕೂತಿತ್ತು. ವರ್ಗವಾಗಿ ಹೋಗುವವರೆಗೆ ಅವನು ಅದರಲ್ಲೇ ಚಹಾ ಕುಡಿದ. ಒಂದು ಮಾತು ಆಡಲಿಲ್ಲ.

ಅಂದಿನಿಂದ ಕೇಳಿದವರಿಗೆಲ್ಲ ನನ್ನ ಸಲಹೆ ಒಂದೇ: ಡಾಕ್ಟರಿಗೆ ಜ್ವರ ಅಂತ ಬರೀರಿ ಅನ್ನಿ. ರಾಮಂತಪುರದ ಡಾಕ್ಟರೊಬ್ಬರಂತೂ ಕೇಳುವ ಮುಂಚೆಯೇ ‘ವೈರಲ್ ಫೀವರ್’ ಎಂದು ಬರೆದಿರುತ್ತಿದ್ದರು. ಸುಳ್ಳೆಂದರೆ ಸುಳ್ಳೇ. ನಾವು ಅದನ್ನು ಮರ್ಯಾದೆ ಎಂದುಕೊಂಡಿದ್ದೆವು. ಸರ್ಕಾರಿ ಆಸ್ಪತ್ರೆಯ ಚೀಟಿಯಾದರೆ ಅಷ್ಟೂ ಉಳಿಯುತ್ತಿರಲಿಲ್ಲ, ಸೀಲೇ ಎಲ್ಲವನ್ನೂ ಹೇಳುತ್ತಿತ್ತು. ರೆಡ್ ಹಿಲ್ಸ್‌ನ ಎಂ.ಎನ್.ಜೆ. ಎಂದರೆ ಕ್ಯಾನ್ಸರ್. ಎರ್ರಗಡ್ಡದಲ್ಲಿ ಎದೆರೋಗದ್ದೂ ಇದೆ, ಮನೋರೋಗದ್ದೂ ಇದೆ. ಊರ ಬಾಯಿಗೆ ಮಾತ್ರ ಹುಚ್ಚಿನದು. ಬೀದರಿನ ನೆಂಟರು ಧಾರವಾಡದ ಹೆಸರು ಹೇಳಿ ಛೇಡಿಸುವ ಹಾಗೆ ಇಲ್ಲಿಯವರು ಎರ್ರಗಡ್ಡ ಎನ್ನುತ್ತಾರೆ. ನಲ್ಲಕುಂಟದ ಆಸ್ಪತ್ರೆಗೆ ಸೇರಿದವರೇ ಪುಣ್ಯವಂತರು. ಅದರ ಹೆಸರೇ ಫೀವರ್ ಹಾಸ್ಪಿಟಲ್.

ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿ ನನ್ನ ಕೈಗೆ ಬಂದಾಗ ಎರಡು ಸಲ ಓದಿದೆ. 7.14ನೇ ಕಲಮು ರೋಗಿಯ ಗುಟ್ಟನ್ನು ಹೊರಗೆ ಬಿಡಕೂಡದು ಎನ್ನುತ್ತದೆ. ನ್ಯಾಯಾಧೀಶರ ಆದೇಶ, ಇನ್ನೊಬ್ಬರಿಗೆ ಗಂಡಾಂತರ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ, ಇಷ್ಟಕ್ಕೆ ಮಾತ್ರ ವಿನಾಯಿತಿ. ಅದೇ ಪುಸ್ತಕದ ಕೊನೆಯಲ್ಲಿ, ಎರಡನೇ ಅನುಬಂಧದಲ್ಲಿ, ರಜೆಯ ಸರ್ಟಿಫಿಕೇಟಿನ ನಮೂನೆ ಇದೆ. ನನ್ನ ಆ ಹಳೆಯ ಖಾಲಿ ಗೆರೆ ಅಲ್ಲೂ ಇದೆ. ಅದರಡಿಯ ಟಿಪ್ಪಣಿಯಂತೂ ರೋಗದ ಸ್ವರೂಪ, ಲಕ್ಷಣ, ಕಾರಣ, ಅವಧಿಗಳ ವಿವರವನ್ನೂ ಲಗತ್ತಿಸಿ ಎನ್ನುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಬರೆದವರಿಗೆ ಇದು ಹೊಳೆಯಲಿಲ್ಲವೆಂದರೆ ನಾನು ನಂಬುವುದಿಲ್ಲ.

ಆದರೆ ಕಾಯಿಲೆಯ ಹೆಸರು ಕೇಳುವುದೆಲ್ಲ ಕೆಟ್ಟ ಉದ್ದೇಶದ್ದೇ ಎನ್ನುವ ಹಾಗೂ ಇಲ್ಲ. ಉಪ್ಪಲ್ ಕೈಗಾರಿಕಾ ಪ್ರದೇಶದ ಕೆಲಸಗಾರರು ಹೋಗುವುದು ನಾಚಾರಂನ ಇ.ಎಸ್.ಐ. ಆಸ್ಪತ್ರೆಗೆ. ಆ ಯೋಜನೆಗೆ ಬುನಾದಿ ಹಾಕಿದ್ದು ಬಿ. ಪಿ. ಅಡಾರ್ಕರ್ ಅವರ 1944ರ ವರದಿ. 1948ರಲ್ಲಿ ಕಾಯ್ದೆಯಾಯಿತು, 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಚಾಲನೆ ಕೊಟ್ಟರು. ಕಾಯಿಲೆ ಬಿದ್ದವರಿಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70 ಸಿಗುತ್ತದೆ. ಆ ದುಡ್ಡು ಪಡೆಯುತ್ತಿರುವವರನ್ನು ಕೆಲಸದಿಂದ ತೆಗೆಯಬಾರದೆಂದು ಆ ಕಾಯ್ದೆಯ 73ನೇ ಕಲಮು ಹೇಳಿತು. ಕ್ಷಯ, ಕುಷ್ಠ, ಕ್ಯಾನ್ಸರ್, ಮನೋವಿಕಾರದಂಥ 34 ದೀರ್ಘ ರೋಗಗಳಿಗಾದರೆ ಶೇ. 80, ಎರಡು ವರ್ಷದವರೆಗೂ. ಜ್ವರಕ್ಕೆ ಎರಡು ವರ್ಷ ಯಾರೂ ಕೊಡುವುದಿಲ್ಲ. ಗುಟ್ಟು ಕೊಟ್ಟವರಿಗೆ ಹಕ್ಕು.

ಅನ್‌ಫಿಟ್ ಆದವರ ಪಾಡೂ ಇದೇ. ಸಾರಿಗೆ ನಿಗಮದ ಕಾರ್ಮಿಕರು 1979ರಲ್ಲೇ ಆಡಳಿತದೊಂದಿಗೆ ಒಪ್ಪಂದ ಮಾಡಿಕೊಂಡಿದ್ದರು: ಬಣ್ಣಗುರುಡು ಎಂದು ಗೊತ್ತಾದ ಡ್ರೈವರಿಗೆ ಬೇರೆ ಕೆಲಸ, ಸಂಬಳ ಇಳಿಸುವ ಹಾಗಿಲ್ಲ. ಆದರೂ 2016ರಲ್ಲಿ ಒಬ್ಬ ಡ್ರೈವರನ್ನು ಅದೇ ಕಾರಣಕ್ಕೆ ಮನೆಗೆ ಕಳಿಸಿದರು. ಸುಪ್ರೀಂ ಕೋರ್ಟು ಆ ಹಳೆಯ ಒಪ್ಪಂದವನ್ನೇ ಎತ್ತಿಹಿಡಿದು ಬದಲಿ ಕೆಲಸ ಕೊಡಿ ಎಂದದ್ದು 2025ರ ಆಗಸ್ಟ್‌ನಲ್ಲಿ. ಅಪ್ಪ ಇದ್ದಿದ್ದರೆ ಆ ತೀರ್ಪನ್ನು ನನ್ನಿಂದ ಓದಿಸಿ ಕೇಳುತ್ತಿದ್ದರು.

1995ರ ಅಂಗವಿಕಲರ ಕಾಯ್ದೆಯ 47ನೇ ಕಲಮು ಇನ್ನೂ ದೊಡ್ಡದಾಗಿತ್ತು. ಸೇವೆಯಲ್ಲಿದ್ದಾಗ ವೈಕಲ್ಯ ಬಂದವರನ್ನು ತೆಗೆಯುವಂತಿರಲಿಲ್ಲ. ಇರುವ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ, ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಬೇಕಿತ್ತು. 1996ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತ್ತು. ಸರ್ಕಾರಿ ಕಂಪನಿಗಳೂ ಅದರೊಳಗೆ ಬರುತ್ತಿದ್ದವು, ಮನೋರೋಗವೂ ಬರುತ್ತಿತ್ತು. ನಮ್ಮ ಸೆಕ್ಷನ್ನಿಗೆ ಆ ಸುದ್ದಿ ಮುಟ್ಟಿದ್ದು ಮಾತ್ರ ಬಹಳ ತಡವಾಗಿ.

ಅಷ್ಟರಲ್ಲಿ ನಮ್ಮ ಸ್ಟೋರ್ಸ್‌ನ ಹುಡುಗ ಹೋಗಿಬಿಟ್ಟಿದ್ದ. ಬಸವಕಲ್ಯಾಣದ ಕಡೆಯವನು, ಲೆಕ್ಕದಲ್ಲಿ ಚುರುಕು. 1996ರ ಮಳೆಗಾಲದಿಂದ ಅವನಿಗೆ ದನಿಗಳು ಕೇಳಿಸತೊಡಗಿದವು. ವಾರಗಟ್ಟಲೆ ಬರುತ್ತಿರಲಿಲ್ಲ. ಎರ್ರಗಡ್ಡದಲ್ಲಿ ತೋರಿಸುತ್ತಿದ್ದೇನೆ ಅಕ್ಕಾ ಎಂದು ನನ್ನೊಬ್ಬಳಿಗೇ ಹೇಳಿದ್ದ. ಕಿಟಕಿಯ ಮೇಲಿನ ಗ್ಲಾಸು ನನ್ನ ಕಣ್ಣ ಮುಂದೆ ಬಂತು. ಆ ಚೀಟಿ ಇಲ್ಲಿ ತರಬೇಡ, ರಾಮಂತಪುರಕ್ಕೆ ಹೋಗಿ ಜ್ವರ ಅಂತ ಬರೆಸಿಕೊಂಡು ಬಾ ಎಂದೆ. ತಂದ. ಮೂರು ವರ್ಷದಲ್ಲಿ ಹನ್ನೊಂದು ಸಲ ತಂದ. 1999ರಲ್ಲಿ ‘ಪದೇ ಪದೇ ಗೈರುಹಾಜರಿ’ ಎಂದು ವಿಚಾರಣೆ ನಡೆಸಿ ಅವನನ್ನು ತೆಗೆದರು. ಆ ಆದೇಶವನ್ನು ಟೈಪ್ ಮಾಡಿದ್ದು ನನ್ನ ಪಕ್ಕದ ಮೇಜು.

2017ರಲ್ಲಿ ಎಲ್ಲವೂ ಒಟ್ಟಿಗೆ ಬಂದವು. ಹೊಸ ಅಂಗವಿಕಲರ ಕಾಯ್ದೆ ಏಪ್ರಿಲ್‌ನಲ್ಲಿ ಜಾರಿಯಾಗಿ 7 ಬಗೆಯ ವೈಕಲ್ಯ 21 ಆದವು. ರೋಗಿಯ ವಿಷಯ ಗುಟ್ಟಾಗಿರಬೇಕೆಂಬ ಮಾನಸಿಕ ಆರೋಗ್ಯ ಕಾಯ್ದೆ ಆ ವರ್ಷದ್ದೇ. ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದೂ ಆ ಆಗಸ್ಟ್ 24ರಂದೇ. 2021ರ ಡಿಸೆಂಬರ್‌ನಲ್ಲಿ ಮನೋರೋಗವಿದ್ದ ಸಿ.ಆರ್.ಪಿ.ಎಫ್. ಅಧಿಕಾರಿಯ ವಿಷಯದಲ್ಲಿ, ಶಿಸ್ತುಕ್ರಮಕ್ಕೆ ಎಡೆಯಾದ ಕಾರಣಗಳಲ್ಲಿ ವೈಕಲ್ಯವೂ ಒಂದಾಗಿದ್ದರೆ ಸಾಕು, ಅದು ತಾರತಮ್ಯವೇ ಎಂದಿತು ಸುಪ್ರೀಂ ಕೋರ್ಟು. ಇದೆಲ್ಲ ಖುಷಿಯ ಮಾತೇ. ಆದರೆ ಕೆಲಸದಿಂದ ತೆಗೆಯಬಾರದೆಂಬ ಆ ಹಳೆಯ ರಕ್ಷಣೆ ಹೊಸ ಕಾಯ್ದೆಯಲ್ಲೂ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಉಪ್ಪಲ್‌ನ ಐಟಿ ಕಟ್ಟಡದಲ್ಲಿ ದುಡಿಯುವ ನನ್ನ ಸೊಸೆ ಫೋನಿನಲ್ಲೇ ರಜೆ ಹಾಕುತ್ತಾಳೆ, ಅಲ್ಲೂ ಕಾಯಿಲೆ ಆರಿಸಲು ಒಂದು ಪಟ್ಟಿ ಇದೆಯಂತೆ. ಅವಳು ಯಾವುದನ್ನು ಆರಿಸುತ್ತಾಳೆಂದು ನಾನು ಕೇಳಿಲ್ಲ.

ಆ ಹುಡುಗನ ಹೆಂಡತಿ ಕಚೇರಿಗೆ ಬಂದದ್ದು 2000ದ ಬೇಸಿಗೆಯಲ್ಲಿ, ಕಂಕುಳಲ್ಲಿ ಮಗು. ವಕೀಲರು ಕಾಯಿಲೆಯ ಪುರಾವೆ ತರಹೇಳಿದ್ದರಂತೆ. ಮನೆಯಲ್ಲಿದ್ದ ಎರ್ರಗಡ್ಡದ ಚೀಟಿಗಳನ್ನು ಅವನೇ ಒಂದು ರಾತ್ರಿ ಸುಟ್ಟಿದ್ದ. ನಾನು ಫೈಲು ಬಿಚ್ಚಿ ಹನ್ನೊಂದೂ ಹಾಳೆಯನ್ನು ಅವಳ ಮುಂದೆ ಇಟ್ಟೆ. ಇಂಗ್ಲಿಷ್ ಬಾರದು, ಕೈಯಿಟ್ಟು ತೋರಿಸಿ ಒಂದೊಂದೇ ಓದಿಸಿಕೊಂಡಳು. ನಾನು ಓದಿದೆ: ಜ್ವರ, ಜ್ವರ, ಜ್ವರ. ಕೊನೆಯ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು.

“ಇದ್ರಾಗ ಅವರ ಬ್ಯಾನಿ ಎಲ್ಲದರಿ, ಅಕ್ಕೋರೆ?”