ಚಾರ್ಜಿಂಗ್ ಅಂಗಡಿಯ ಕಾಲ
1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಬಂತು. ಅಲ್ಲಿಂದ ಕಾರು ಬ್ಯಾಟರಿಯ ಹಂಗಿಗೆ ಬಿತ್ತು. ಅಪ್ಪನ ಅಂಬಾಸಡರ್ ಮದುವೆಗೋ ಜಾತ್ರೆಗೋ ಮಾತ್ರ ಹೊರಡುತ್ತಿತ್ತು. ಮಳೆಗಾಲವೆಲ್ಲ ಶೆಡ್ಡಿನಲ್ಲೇ. ಆಗ ಚಾರ್ಜ್ ಇಳಿದ ಬ್ಯಾಟರಿ ಬಿಚ್ಚಿ ಬಸ್ ಸ್ಟ್ಯಾಂಡ್ ಪಕ್ಕದ ಚಾರ್ಜಿಂಗ್ ಅಂಗಡಿಗೆ ಒಯ್ಯುತ್ತಿದ್ದೆವು. ಅಂಗಡಿಯ ಸಾಬರು ಆರೂ ಮುಚ್ಚಳ ತಿರುಗಿಸಿ, ನೀರು ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ, ರಾತ್ರಿಯಿಡೀ ನಿಧಾನವಾಗಿ ಚಾರ್ಜಿಗಿಡುತ್ತಿದ್ದರು. ಬೆಳಿಗ್ಗೆ ಹೈಡ್ರೋಮೀಟರಿನಲ್ಲಿ ಆಸಿಡ್ ಹೀರಿ, ಸಾಂದ್ರತೆ 1.26ರ ಆಸುಪಾಸು ಬಂದರಷ್ಟೇ ಕೊಡುವುದು. ‘ಖಾಲಿ ಬಿಡಬೇಡಿ ಸ್ವಾಮಿ, ಪ್ಲೇಟಿಗೆ ಸಲ್ಫೇಟ್ ಹಿಡಿಯುತ್ತೆ’ ಎಂದು ಪ್ರತಿಸಲವೂ ಹೇಳುತ್ತಿದ್ದರು. ಆ ತಾಳ್ಮೆಯ ಕಸುಬಿನ ಮೇಲೆ ನನಗೆ ಇಂದಿಗೂ ಗೌರವ. ಸೀಲ್ಡ್ ಬ್ಯಾಟರಿಗಳು ಬಂದ ಮೇಲೆ ನಮ್ಮೂರಿನ ಅಂಗಡಿ ಮುಚ್ಚಿತು. ನಿಂತ ಕಾರಿನ ಬ್ಯಾಟರಿ ಮಾತ್ರ ಈಗಲೂ ಇಳಿಯುತ್ತದೆ. ಗಡಿಯಾರ, ಅಲಾರಂ ಅದನ್ನು ಹೀರುತ್ತಲೇ ಇರುತ್ತವೆ. ತಿಂಗಳುಗಟ್ಟಲೆ ಓಡಿಸದವರು ಮನೆಯಲ್ಲೇ ಒಂದು ಸಣ್ಣ ಚಾರ್ಜರ್ ಇಟ್ಟುಕೊಳ್ಳಿ.