ಪಾಚಿ ತಿನ್ನುವ ಮೀನು: ಒಂದು ಗಾಜಿನ ತೊಟ್ಟಿಯ ಚರಿತ್ರೆ

ನಿಮ್ಮ ಶಾಲೆಯ ಪ್ರಯೋಗಾಲಯದಲ್ಲೋ ಮನೆಯ ಪಡಸಾಲೆಯಲ್ಲೋ ಮೀನಿನ ತೊಟ್ಟಿ ಇದೆಯೆ? ಇದ್ದರೆ ಈ ಅನುಭವ ನಿಮಗೂ ಆಗಿರುತ್ತದೆ. ತೊಟ್ಟಿ ಇಟ್ಟ ಕೆಲವೇ ವಾರಗಳಲ್ಲಿ ಗಾಜಿನ ಒಳಮೈಗೆ ಹಸಿರು ಲೇಪ ಹತ್ತುತ್ತದೆ. ಗಿಡದ ಎಲೆಗಳ ಮೇಲೆ ಕೂದಲಿನಂಥ ಎಳೆಗಳು ಹಬ್ಬುತ್ತವೆ. ಅಕ್ವೇರಿಯಂ ಅಂಗಡಿಯಲ್ಲಿ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಒಂದು ಸಕ್ಕರ್ ಮೀನು ಬಿಡಿ, ಪಾಚಿಯನ್ನೆಲ್ಲ ತಿಂದು ಹಾಕುತ್ತದೆ." ಈ ಉತ್ತರ ಎಷ್ಟು ಸರಿ? ತಿಳಿಯಬೇಕಾದರೆ ನಾವು 1849ರ ಲಂಡನ್ನಿಗೆ ಹೋಗಬೇಕು.

ಮೊದಲ ತೊಟ್ಟಿ, ಮೊದಲ ಪಾಚಿ

ರಾಬರ್ಟ್ ವಾರಿಂಗ್ಟನ್ (1807–1867) ಲಂಡನ್ನಿನ ಔಷಧಿಕಾರರ ಸಂಘದಲ್ಲಿ ರಸಾಯನ ವಿಜ್ಞಾನಿಯಾಗಿದ್ದವರು. ಪ್ರಾಣಿಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಸಸ್ಯಗಳು ಬಳಸಿ ಆಕ್ಸಿಜನ್ ಕೊಡುತ್ತವೆ ಎಂಬುದು ಆಗಲೇ ಗೊತ್ತಿತ್ತು. ಒಂದೇ ಪಾತ್ರೆಯೊಳಗೆ ಈ ಕೊಡು–ಕೊಳ್ಳುವಿಕೆ ನಿರಂತರವಾಗಿ ನಡೆದೀತೆ? ಇದನ್ನು ನೋಡಲು ಅವರು ಸುಮಾರು 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯನ್ನು ಆರಿಸಿಕೊಂಡರು. ಅದರಲ್ಲಿ ಅರ್ಧದಷ್ಟು ಚಿಲುಮೆಯ ನೀರು, ತಳದಲ್ಲಿ ಮರಳು ಮತ್ತು ಕೆಸರು, ಒಂದು ವ್ಯಾಲಿಸ್ನೇರಿಯ ಗಿಡ, ಎರಡು ಪುಟ್ಟ ಗೋಲ್ಡ್ ಫಿಶ್!

ಕೆಲಕಾಲ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಗಿಡದ ಹಳೆಯ ಎಲೆಗಳು ಕೊಳೆಯತೊಡಗಿದವು. ನೀರು ಕದಡಿತು. ಗಾಜಿನ ಮೇಲೆ ಹಸಿರು ಲೋಳೆ ಬೆಳೆಯಿತು. ಹೀಗೇ ಬಿಟ್ಟರೆ ಮೀನುಗಳು ಉಳಿಯುವುದಿಲ್ಲ ಎಂದು ವಾರಿಂಗ್ಟನ್‌ಗೆ ಅರಿವಾಯಿತು. ನಿಸರ್ಗದ ಕೊಳದಲ್ಲಿ ಈ ಕಸವನ್ನು ತೆಗೆಯುವವರು ಯಾರು ಎಂದು ಅವರು ಕೇಳಿಕೊಂಡರು. ಐದಾರು ಕೊಳದ ಬಸವನಹುಳುಗಳನ್ನು ತಂದು ನೀರಿಗೆ ಬಿಟ್ಟರು. ಹುಳುಗಳು ಕೊಳೆತ ಎಲೆಯನ್ನೂ ಲೋಳೆಯನ್ನೂ ತಿಂದವು. ಅವು ಇಟ್ಟ ಮೊಟ್ಟೆಗಳು ಮೀನಿಗೆ ಆಹಾರವಾದವು. ನೀರು ತಿಳಿಯಾಯಿತು. 1850ರ ಮಾರ್ಚ್‌ನಲ್ಲಿ ಅವರು ಈ ಪ್ರಯೋಗವನ್ನು ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದಿಟ್ಟರು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ 'ದಿ ಅಕ್ವೇರಿಯಂ' ಪುಸ್ತಕ ಬಂದು ಮನೆಮನೆಗೂ ಈ ಹವ್ಯಾಸ ಹರಡಿತು.

ಇಲ್ಲಿ ಒಂದು ಅಂಶವನ್ನು ಗಮನಿಸಿ. ತೊಟ್ಟಿಯ ಪಾಚಿ ತಿನ್ನಲು ನೇಮಕವಾದ ಮೊದಲ ಜೀವಿ ಮೀನಲ್ಲ, ಬಸವನಹುಳು. ವಾರಿಂಗ್ಟನ್ ಅದನ್ನು ಆರಿಸಿದ್ದು ಹೆಸರು ನೋಡಿ ಅಲ್ಲ, ಅದು ಏನು ತಿನ್ನುತ್ತದೆ ಎಂಬುದನ್ನು ನೋಡಿ.

ಮಗ ಕಂಡ ಲೆಕ್ಕ

ತಂದೆಯ ಲೆಕ್ಕದಲ್ಲಿ ಒಂದು ಕೊರತೆ ಇತ್ತು. ಅದನ್ನು ತುಂಬಿದವರಲ್ಲಿ ಅವರ ಮಗನೂ ಒಬ್ಬರು! ಅವರ ಹೆಸರೂ ರಾಬರ್ಟ್ ವಾರಿಂಗ್ಟನ್ (1838–1907). ಅವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದರು. ಮಣ್ಣಿನಲ್ಲಿ ಅಮೋನಿಯ ನೈಟ್ರೇಟ್ ಆಗುವುದು ಸೂಕ್ಷ್ಮಜೀವಿಗಳಿಂದ ಎಂದು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ 1877ರಲ್ಲಿ ತೋರಿಸಿದ್ದರು. ಇದು ಎರಡು ಹಂತಗಳಲ್ಲಿ ನಡೆಯುತ್ತದೆ, ಅಮೋನಿಯ ಮೊದಲು ನೈಟ್ರೈಟ್ ಆಗಿ ಆಮೇಲೆ ನೈಟ್ರೇಟ್ ಆಗುತ್ತದೆ, ಒಂದೊಂದು ಹಂತಕ್ಕೂ ಬೇರೆ ಬೇರೆ ಜೀವಿಗಳಿವೆ ಎಂಬುದನ್ನು ಮಗ ವಾರಿಂಗ್ಟನ್ ತಮ್ಮ ಪ್ರಯೋಗಗಳಿಂದ ಕಂಡುಕೊಂಡರು. ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದ ಕೀರ್ತಿ ರಷ್ಯದ ವಿನೊಗ್ರಾಡ್‌ಸ್ಕಿ ಅವರದು.

ಮಣ್ಣಿನ ಈ ಲೆಕ್ಕ ನಿಮ್ಮ ತೊಟ್ಟಿಗೂ ಅನ್ವಯಿಸುತ್ತದೆ. ಮೀನು ಪಾಚಿಯನ್ನು ತಿಂದರೆ ಪಾಚಿಯಲ್ಲಿದ್ದ ನೈಟ್ರೋಜನ್ ಎಲ್ಲಿಗೆ ಹೋಗುತ್ತದೆ? ಒಂದಿಷ್ಟು ಮೀನಿನ ಮೈಗೆ ಸೇರುತ್ತದೆ. ಉಳಿದದ್ದು ಕಿವಿರಿನಿಂದ ಅಮೋನಿಯವಾಗಿ ಮತ್ತು ಹಿಕ್ಕೆಯಾಗಿ ನೀರಿಗೇ ಮರಳುತ್ತದೆ. ಬ್ಯಾಕ್ಟೀರಿಯಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಪಾಚಿಗೆ ಗೊಬ್ಬರ! ಅಂದರೆ ಪಾಚಿ ತಿನ್ನುವ ಮೀನು ಗಾಜನ್ನು ಒರೆಸಬಲ್ಲದೇ ಹೊರತು ಪಾಚಿಯ ಕಾರಣವನ್ನು ತೆಗೆಯಲಾರದು. ಕಾರಣ ಹೋಗಬೇಕಾದರೆ ಕಿಟಕಿಯ ಬಿಸಿಲನ್ನು ತಪ್ಪಿಸಬೇಕು, ಮೀನಿಗೆ ಹಾಕುವ ಆಹಾರ ಕಡಿಮೆ ಮಾಡಬೇಕು, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಬೇಕು, ಬೆಳೆದ ಗಿಡಗಳನ್ನು ಕತ್ತರಿಸಿ ಹೊರತೆಗೆಯಬೇಕು.

ಹೆಸರು ಒಂದು, ಮೀನು ಮೂರು

ಇಪ್ಪತ್ತನೆಯ ಶತಮಾನದಲ್ಲಿ ಉಷ್ಣವಲಯದ ಮೀನುಗಳ ವ್ಯಾಪಾರ ಬೆಳೆದಂತೆ ಬಸವನಹುಳುವಿನ ಕೆಲಸಕ್ಕೆ ಮೀನುಗಳು ಬಂದವು. ಜೊತೆಗೆ ಗೊಂದಲವೂ ಬಂತು.

'ಚೈನೀಸ್ ಆಲ್ಗೆ ಈಟರ್' ಎಂದು ಮಾರುವ ಮೀನಿನ ಮುಖ್ಯ ನೆಲೆ ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಗಳ ನದಿಗಳು. ವೈಜ್ಞಾನಿಕ ಹೆಸರು ಗೈರಿನೊಕೈಲಸ್ ಅಯ್ಮೊನಿಯೆರಿ, ಹೆಸರಿಟ್ಟದ್ದು 1883ರಲ್ಲಿ. ಬಾಯಿಯಿಂದ ಕಲ್ಲಿಗೆ ಅಂಟಿಕೊಂಡಿದ್ದಾಗ ಅದು ಬಾಯಿಯ ಮೂಲಕ ನೀರು ಎಳೆದುಕೊಳ್ಳುವಂತಿಲ್ಲ. ಅದಕ್ಕಾಗಿ ಕಿವಿರಿನ ಮೇಲ್ಭಾಗದಲ್ಲಿ ನೀರು ಒಳಬರಲು ಇನ್ನೊಂದು ಸೀಳು ಇದೆ! ಮರಿಯಾಗಿದ್ದಾಗ ಪಾಚಿಯನ್ನು ಚೆನ್ನಾಗಿ ಕೆರೆಯುತ್ತದೆ. ಬೆಳೆದಂತೆ ಜಗಳಗಂಟಿಯಾಗುತ್ತದೆ. ಗೋಲ್ಡ್ ಫಿಶ್, ಏಂಜೆಲ್‌ನಂಥ ಅಗಲ ಮೈಯ ನಿಧಾನ ಮೀನುಗಳಿಗೆ ಅಂಟಿಕೊಂಡು ಅವುಗಳ ಮೈಯ ಲೋಳೆಯನ್ನೇ ಕೆರೆದು ತಿನ್ನುವುದುಂಟು.

'ಸಯಾಮೀಸ್ ಆಲ್ಗೆ ಈಟರ್' ಬೇರೆಯೇ ಮೀನು. ಅದು ಕ್ರಾಸೊಕೈಲಸ್ ಕುಲದ್ದು. ಅಮೆರಿಕದ ಮತ್ಸ್ಯವಿಜ್ಞಾನಿ ಹ್ಯೂ ಸ್ಮಿತ್ ಸಯಾಮಿನಲ್ಲಿದ್ದು 1931ರಲ್ಲಿ ಇಂಥ ಒಂದಕ್ಕೆ 'ಸಯಾಮೆನ್ಸಿಸ್' ಎಂದು ಹೆಸರಿಟ್ಟರು. ಮುಂದೆ ಆ ಹೆಸರು ಬೇರೊಂದು ಪ್ರಭೇದದ ಹೆಸರಿನಲ್ಲಿ ಲೀನವಾಯಿತು. 2000ದಲ್ಲಿ ಮೌರಿಸ್ ಕೊಟೆಲಾಟ್ ಇದೇ ಗುಂಪಿನ ಇನ್ನೊಂದನ್ನು ಬೇರೆ ಪ್ರಭೇದವೆಂದು ವಿವರಿಸಿದರು. ಕೂದಲಿನಂಥ ಪಾಚಿಯನ್ನು ತಿನ್ನುವುದರಲ್ಲಿ ಈ ಮೀನು ಮುಂದು, ಸ್ವಭಾವವೂ ಸಾಧು. ಮೂರನೆಯದು 'ಫ್ಲೈಯಿಂಗ್ ಫಾಕ್ಸ್'. ಅದು ಪಾಚಿ ತಿನ್ನುವುದು ಕಡಿಮೆ, ತನ್ನ ಜಾಗಕ್ಕಾಗಿ ಕಾದಾಡುವುದು ಹೆಚ್ಚು.

ಗುರುತು ಹಿಡಿಯುವುದು ಹೇಗೆ? ಮೈಯ ಕಪ್ಪು ಪಟ್ಟಿಯನ್ನು ನೋಡಿ. ಅದು ಬಾಲದ ಈಜುರೆಕ್ಕೆಯ ತುದಿಯವರೆಗೂ ಸಾಗಿ, ಉಳಿದ ರೆಕ್ಕೆಗಳು ಬಣ್ಣವಿಲ್ಲದೆ ಪಾರದರ್ಶಕವಾಗಿದ್ದರೆ ಅದು ಸಯಾಮಿನ ಮೀನು. ಪಟ್ಟಿಯ ಮೇಲೆ ಚೊಕ್ಕ ಚಿನ್ನದ ಗೆರೆ ಇದ್ದು, ರೆಕ್ಕೆಗಳಲ್ಲಿ ಕಪ್ಪು ಮತ್ತು ಬಿಳಿಯ ಅಂಚು ಕಂಡರೆ ಫ್ಲೈಯಿಂಗ್ ಫಾಕ್ಸ್.

ತೊಟ್ಟಿಯಿಂದ ಕೆರೆಗೆ

ಇನ್ನು ನಮ್ಮ ಅಂಗಡಿಗಳ ಸಕ್ಕರ್ ಮೀನು. ದಕ್ಷಿಣ ಅಮೆರಿಕದ ಈ ಬಂಧುಗಳಲ್ಲಿ ಒಂದಕ್ಕೆ ಲಿನೇಯಸ್ 1758ರಲ್ಲೇ 'ಪ್ಲೆಕೊಸ್ಟೋಮಸ್' ಎಂದು ಹೆಸರಿಟ್ಟರು. ಇಂದು ಆ ಹೆಸರಿನಲ್ಲಿ ಮಾರಾಟವಾಗುವುದು ಬಹುಪಾಲು ಟೆರಿಗೊಪ್ಲಿಕ್ತಿಸ್ ಎಂಬ ಬೇರೆ ಕುಲದ ಮೀನು. ಕೊಳ್ಳುವಾಗ ಬೆರಳುದ್ದ, ಬೆಳೆದರೆ ಸುಮಾರು 40 ಸೆಂ.ಮೀ.! ಎರಡಡಿಯ ತೊಟ್ಟಿಯಲ್ಲಿ ಅದು ಹೊರಳಲೂ ಆಗುವುದಿಲ್ಲ. ಆಗ ಜನ 'ಪಾಪ, ಬದುಕಿಕೊಳ್ಳಲಿ' ಎಂದು ಕೆರೆಗೆ ಬಿಡುತ್ತಾರೆ.

ಅದು ಬದುಕಿಕೊಳ್ಳುತ್ತದೆ, ತೊಂದರೆ ಇರುವುದೇ ಅಲ್ಲಿ. ಮೈಮೇಲೆ ಗಟ್ಟಿ ಫಲಕಗಳ ಕವಚವಿದೆ. ನೀರಿನಲ್ಲಿ ಆಕ್ಸಿಜನ್ ಕಡಿಮೆಯಾದರೆ ಗಾಳಿಯನ್ನು ನುಂಗಿ ಜಠರದಿಂದಲೇ ಉಸಿರಾಡಬಲ್ಲದು. ಮೊಟ್ಟೆಯಿಡಲು ದಡದಲ್ಲಿ ಬಿಲ ತೋಡುತ್ತದೆ, ದಡ ಕುಸಿಯುತ್ತದೆ. ಮುಳ್ಳುಗಳಿಗೆ ಸಿಕ್ಕಿ ಮೀನುಗಾರರ ಬಲೆ ಹರಿಯುತ್ತದೆ. ಕೇರಳದ ಕಾಲುವೆಗಳಲ್ಲಿ, ಪೂರ್ವ ಕೋಲ್ಕತ್ತದ ಜೌಗು ಪ್ರದೇಶದಲ್ಲಿ, ಆಂಧ್ರದ ನೀರಿನಲ್ಲಿ ಈ ಮೀನು ಈಗಾಗಲೇ ನೆಲೆಯೂರಿದೆ.

ನಮ್ಮ ಹೊಳೆಗಳಿಗೆ ತಮ್ಮದೇ ಪಾಚಿ ಕೆರೆಯುವ ಮೀನುಗಳಿವೆ ಎಂಬುದನ್ನು ನೆನಪಿಡಿ. ಕರ್ನಲ್ ಸೈಕ್ಸ್ 1839ರಲ್ಲಿ ದಖ್ಖನ್ನಿನಿಂದ ವಿವರಿಸಿದ ಗಾರಾ ಮುಲ್ಯ ಅವುಗಳಲ್ಲೊಂದು. ಗದ್ದದ ಕೆಳಗಿನ ತಟ್ಟೆಯಂಥ ಅಂಗದಿಂದ ಅದು ಹರಿಯುವ ನೀರಿನಲ್ಲೂ ಬಂಡೆಗೆ ಅಂಟಿ ನಿಲ್ಲುತ್ತದೆ. ಹೊರಗಿನ ಮೀನು ಹೊಳೆಗಿಳಿದರೆ ಇಂಥವುಗಳ ಊಟಕ್ಕೆ ಪಾಲುದಾರ ಬಂದಂತೆ.

ಆರಿಸುವ ಮುನ್ನ

ಬಗೆಬಗೆಯ ಮೀನುಗಳು ಕೂಡಿ ಬಾಳುವ ತೊಟ್ಟಿಗೆ ಪಾಚಿ ತಿನ್ನುವ ಮೀನು ತರುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಬೆಳೆದ ಮೇಲೆ ಅದರ ಅಳತೆ ಎಷ್ಟು? ಬೆಳೆದ ಮೇಲೂ ಪಾಚಿ ತಿನ್ನುತ್ತದೆಯೆ? ಈಗಿರುವ ಮೀನುಗಳೊಂದಿಗೆ ಹೊಂದುತ್ತದೆಯೆ? ಪಾಚಿ ಮುಗಿದರೆ ಏನು ಹಾಕುತ್ತೀರಿ? ಚಿಕ್ಕ ತೊಟ್ಟಿಗೆ ಮಾಲಿ, ಪ್ಲಾಟಿಗಳು ಸಾಕು, ಅವೂ ಪಾಚಿಯನ್ನು ಮೇಯುತ್ತವೆ. ಸುಮಾರು 4 ಸೆಂ.ಮೀ. ಉದ್ದದ ಸಾಧು ಮೀನು ಆಟೊಸಿಂಕ್ಲಸ್ ಗುಂಪಿನಲ್ಲಿರಬೇಕು. ಹೊಸ ತೊಟ್ಟಿಯಲ್ಲಿ ಪಾಚಿ ಇರುವುದಿಲ್ಲವಾದ್ದರಿಂದ ಅದು ಉಪವಾಸ ಬೀಳುತ್ತದೆ. ತೊಟ್ಟಿ ಹಳತಾದ ಮೇಲೆ ತನ್ನಿ, ಸೌತೆಕಾಯಿಯ ಹೋಳನ್ನೂ ಕೊಡಿ. ನಾಲ್ಕಡಿ ತೊಟ್ಟಿಯಿದ್ದರೆ ಸಯಾಮಿನ ಮೀನು ಆದೀತು. ಸಾಕಲಾಗದ ಮೀನನ್ನು ಅಂಗಡಿಗೆ ಮರಳಿಸಿ ಇಲ್ಲವೇ ಸಾಕುವವರಿಗೆ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ.

ಶಿಕ್ಷಕರೇ, ವಾರಿಂಗ್ಟನ್‌ರ ಪ್ರಯೋಗವನ್ನು ನಿಮ್ಮ ತರಗತಿಯಲ್ಲೇ ಮಾಡಬಹುದು. ಒಂದೇ ಅಳತೆಯ ಎರಡು ಗಾಜಿನ ಜಾಡಿಗಳಲ್ಲಿ ಒಂದೇ ಕೊಳದ ನೀರು, ಒಂದೇ ಬಗೆಯ ಗಿಡ ಇಡಿ. ಒಂದಕ್ಕೆ ಮಾತ್ರ ಎರಡು ಬಸವನಹುಳು ಬಿಡಿ. ಒಂದು ತಿಂಗಳು ಗಾಜು, ನೀರು, ಎಲೆ ಈ ಮೂರನ್ನೂ ಮಕ್ಕಳು ದಿನವೂ ನೋಡಿ ಬರೆದಿಡಲಿ. ಕೊನೆಗೆ ಒಂದು ಪ್ರಶ್ನೆ ಕೇಳಿ: ಹುಳು ತಿಂದ ಪಾಚಿ ಎಲ್ಲಿಗೆ ಹೋಯಿತು? ಇದಕ್ಕೆ ಉತ್ತರ ಕೊಡಬಲ್ಲ ಮಕ್ಕಳು ತಂದೆ ಮತ್ತು ಮಗ ಇಬ್ಬರ ಲೆಕ್ಕವನ್ನೂ ಅರ್ಥಮಾಡಿಕೊಂಡಿದ್ದಾರೆ ಎಂದು ತಿಳಿಯಬಹುದು.