ಮಕ್ಕಳ ಪಾತಿಯಿಂದ ಹಿರಿಯರ ತೋಟಕ್ಕೆ: ಲೈಪ್‌ಜಿಗ್ ನಗರದ ಕಿರುದೋಟಗಳ ಮೂಲ

ಯೂರೋಪಿನ ನಗರಗಳ ಅಂಚಿನಲ್ಲಿ ಸಾಲುಸಾಲಾಗಿ ಹಬ್ಬಿರುವ ಗೇಣಿಯ ಕಿರುದೋಟಗಳು ಆ ನಾಡುಗಳ ಸಾಮಾಜಿಕ ಚರಿತ್ರೆಯಲ್ಲಿ ಗಮನಾರ್ಹವಾದ ಸ್ಥಾನವನ್ನು ಪಡೆದಿವೆ. ಸ್ವಂತ ಹಿತ್ತಿಲಿಲ್ಲದ ನಗರವಾಸಿಯು ಅಲ್ಪ ಗೇಣಿಯನ್ನು ತೆತ್ತು ಪಡೆಯುವ ಈ ತುಂಡುನೆಲಕ್ಕೆ ಇಂಗ್ಲೆಂಡಿನಲ್ಲಿ ‘ಅಲಾಟ್‌ಮೆಂಟ್’ ಎಂದೂ ಜರ್ಮನಿಯಲ್ಲಿ ‘ಶ್ರೇಬರ್‌ಗಾರ್ಟನ್’ ಎಂದೂ ಹೆಸರು. ಇಂಥ ತೋಟದಲ್ಲಿ ದುಡಿಯುವ ತಾಯಿತಂದೆಗಳನ್ನು ಕಾಡುವ ಪ್ರಶ್ನೆಯೊಂದುಂಟು: ತಾವು ಅಗೆಯುತ್ತ, ಕಳೆ ಕೀಳುತ್ತ ಇರುವಾಗ ಜೊತೆಗೆ ಬಂದ ಎಳೆಯ ಮಕ್ಕಳನ್ನು ಯಾವುದರಲ್ಲಿ ತೊಡಗಿಸುವುದು? ಮಕ್ಕಳು ತೋಟದ ಕೆಲಸಕ್ಕೆ ಅಡ್ಡಿಯೆಂಬ ಭಾವನೆ ಈ ಪ್ರಶ್ನೆಯಲ್ಲಿ ಅಡಗಿದೆ. ಆದರೆ ಶ್ರೇಬರ್‌ಗಾರ್ಟನ್ನಿನ ಮೂಲವನ್ನು ಪರಿಶೀಲಿಸಿದರೆ ಸಂಗತಿ ತಿರುಗುಮುರುಗಾಗಿ ಕಾಣುತ್ತದೆ. ಅಲ್ಲಿ ಮೊದಲು ಬಂದವರು ಮಕ್ಕಳು. ತೋಟ ಅವರನ್ನು ಹಿಂಬಾಲಿಸಿ ಬಂದಿತು.

ಕಿರುದೋಟಗಳೆಲ್ಲಕ್ಕೂ ಇದೇ ಮೂಲವೆಂದು ಹೇಳುವಂತಿಲ್ಲ. ಇಂಗ್ಲೆಂಡಿನ ತೋಟಗಳು ಬಡವರ ಹಸಿವಿನಿಂದ ಹುಟ್ಟಿದವು. ಊರೊಟ್ಟಿನ ಗೋಮಾಳಗಳಿಗೆ ಬೇಲಿ ಬಿದ್ದು ಭೂಮಿ ಖಾಸಗಿಯವರ ಪಾಲಾದಾಗ, ಕೂಲಿಗಾರರಿಗೆ ಅಲ್ಪಸ್ವಲ್ಪ ನೆಲವನ್ನಾದರೂ ಬಿಡಬೇಕೆಂಬ ಕೂಗು ಎದ್ದಿತು; 1845ರ ಶಾಸನ ಅದಕ್ಕೆ ಅವಕಾಶ ಕಲ್ಪಿಸಿತು. ಉತ್ತರ ಜರ್ಮನಿಯಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿಯೇ ಬಡವರ ತೋಟಗಳಿದ್ದವು. ಲೈಪ್‌ಜಿಗ್‌ನ ಕಥೆ ಇವೆರಡಕ್ಕಿಂತ ಭಿನ್ನವಾದುದು.

ಸ್ಯಾಕ್ಸನಿಯ ಈ ವಾಣಿಜ್ಯನಗರ ಹತ್ತೊಂಬತ್ತನೆಯ ಶತಮಾನದಲ್ಲಿ ಅತಿ ವೇಗವಾಗಿ ಬೆಳೆಯಿತು. 1871ರ ವೇಳೆಗೆ ಅದರ ಜನಸಂಖ್ಯೆ ಒಂದು ಲಕ್ಷವನ್ನು ಮೀರಿತ್ತು. ಮನೆಗಳು ಒತ್ತೊತ್ತಾಗಿ ಬೆಳೆದಂತೆ ಮಕ್ಕಳ ಆಟಕ್ಕೆ ಬಯಲು ಇಲ್ಲವಾಯಿತು. ಇದನ್ನು ಕಂಡು ಕಳವಳಗೊಂಡವರಲ್ಲಿ ಆ ನಗರದ ವೈದ್ಯ ಮೋರಿಟ್ಸ್ ಶ್ರೇಬರ್ (1808–1861) ಒಬ್ಬನು. ಬೆಳೆಯುವ ದೇಹಕ್ಕೆ ವ್ಯಾಯಾಮವೂ ತೆರೆದ ಗಾಳಿಯೂ ಬೇಕೆಂದು ಆತ ವಾದಿಸಿದನು. ಮಕ್ಕಳ ಬೆನ್ನು ನೆಟ್ಟಗಿರಲೆಂದು ಪಟ್ಟಿ, ಸಲಾಕೆಗಳ ಸಾಧನಗಳನ್ನು ಕಲ್ಪಿಸಿದವನೂ ಆತನೇ. ಆ ಕಠೋರ ಶಿಸ್ತಿಗಾಗಿ ಮುಂದಿನ ಕಾಲದವರು ಅವನನ್ನು ತೀವ್ರವಾಗಿ ಟೀಕಿಸಿದ್ದಾರೆ. ಅದೇನೇ ಇರಲಿ, ಇಂದು ಲಕ್ಷಾಂತರ ತೋಟಗಳಿಗೆ ಹೆಸರು ಕೊಟ್ಟಿರುವ ಈತನು ಅವುಗಳಲ್ಲಿ ಒಂದನ್ನೂ ಕಾಣಲಿಲ್ಲ.

ಆತ ತೀರಿಕೊಂಡ ಮೂರು ವರ್ಷಗಳ ಅನಂತರ, 1864ರಲ್ಲಿ, ಲೈಪ್‌ಜಿಗ್‌ನ ಶಾಲೆಯೊಂದರ ಮುಖ್ಯಸ್ಥನಾಗಿದ್ದ ಎರ್ನ್‌ಸ್ಟ್ ಇನ್ನೊಟ್ಸೆನ್ಸ್ ಹೌಶಿಲ್ಡ್ ಎಂಬುವನು ಪೋಷಕರನ್ನೂ ಶಿಕ್ಷಕರನ್ನೂ ಕೂಡಿಸಿ ಒಂದು ಸಂಘವನ್ನು ಸ್ಥಾಪಿಸಿ, ಅದಕ್ಕೆ ಗತಿಸಿದ ವೈದ್ಯನ ಹೆಸರನ್ನಿಟ್ಟನು. ಮರುವರ್ಷ ಆ ಸಂಘದ ಆಟದ ಬಯಲು ಮಕ್ಕಳಿಗೆ ತೆರೆಯಿತು. ಅಲ್ಲಿ ಪಾತಿಯಾಗಲಿ ಬೇಲಿಯಾಗಲಿ ಇರಲಿಲ್ಲ. ಇದ್ದುದು ಹುಲ್ಲು ಮತ್ತು ಆಟ ಮಾತ್ರ.

ಪಾತಿಗಳನ್ನು ತಂದವನು ಕಾರ್ಲ್ ಗೆಸೆಲ್ ಎಂಬ ವೃದ್ಧ ಶಿಕ್ಷಕ. ಆಟದ ನಡುವೆ ಮಕ್ಕಳಿಗೆ ಇನ್ನೊಂದು ಉದ್ಯೋಗವಿರಲೆಂದು ಆತನು ಬಯಲಿನ ಅಂಚಿನಲ್ಲಿ ಸಣ್ಣ ಸಣ್ಣ ಪಾತಿಗಳನ್ನು ಹಾಕಿಸಿದನು. ಈ ವಿಚಾರ ಜರ್ಮನಿಗೆ ಹೊಸದಾಗಿರಲಿಲ್ಲ. 1840ರಲ್ಲಿ ‘ಕಿಂಡರ್‌ಗಾರ್ಟನ್’ ಎಂಬ ಪದವನ್ನು ಬಳಕೆಗೆ ತಂದ ಫ್ರೀಡ್ರಿಷ್ ಫ್ರೋಬೆಲ್ ಆ ಪದವನ್ನು ಕೇವಲ ರೂಪಕವಾಗಿ ಬಳಸಿದವನಲ್ಲ. ಮಗುವಿಗೊಂದು ಸ್ವಂತ ಪಾತಿ, ಎಲ್ಲರಿಗೂ ಸೇರಿದ ಪಾತಿಗಳು ಬೇರೆ ಎಂದು ನಿಜವಾದ ತೋಟವನ್ನೇ ಆತ ವಿಧಿಸಿದ್ದನು. ಪ್ರಷ್ಯಾ ಸರ್ಕಾರ 1851ರಲ್ಲಿ ಅವನ ಶಿಶುಶಾಲೆಗಳನ್ನು ನಿಷೇಧಿಸಿ 1860ರಲ್ಲಿ ಆ ನಿಷೇಧವನ್ನು ಹಿಂತೆಗೆದುಕೊಂಡಿತು.

ಗೆಸೆಲನ ಪಾತಿಗಳ ಗತಿ ಬೇರೆಯಾಯಿತು. ಮಕ್ಕಳ ಉತ್ಸಾಹ ಬಹುಕಾಲ ನಿಲ್ಲಲಿಲ್ಲ. ಪಾತಿಗಳಲ್ಲಿ ಕಳೆ ಬೆಳೆಯಿತು. ಆಗ ತಾಯಿತಂದೆಗಳು ಗುದ್ದಲಿ ಹಿಡಿದರು. ಮಕ್ಕಳ ಪಾತಿ ಕುಟುಂಬದ ಪಾತಿಯಾಯಿತು. ಪಾತಿಗೆ ಬೇಲಿ ಬಂದಿತು, ಬೇಲಿಯೊಳಗೆ ಚಪ್ಪರಮನೆ ಎದ್ದಿತು. 1869ರ ಹೊತ್ತಿಗೆ ಅಂಥ ತೋಟಗಳು ಸುಮಾರು ನೂರಾಗಿ, ಅವುಗಳಿಗೆ ಲಿಖಿತ ನಿಯಮಾವಳಿಯೂ ಏರ್ಪಟ್ಟಿತು.

ಈ ಪರಿವರ್ತನೆಯ ಕಾರಣವನ್ನು ತೋಟದ ಸ್ವಭಾವದಲ್ಲಿಯೇ ಊಹಿಸಬಹುದು. ಮೂಲಂಗಿ ಬೀಜ ಒಂದು ವಾರದೊಳಗೆ ಮೊಳೆತು ತಿಂಗಳಿಗೆ ಕೈಸೇರುತ್ತದೆ; ಗಜ್ಜರಿ ಮೊಳೆಯುವುದಕ್ಕೇ ಎರಡು ಮೂರು ವಾರ ಬೇಕು, ಗೆಡ್ಡೆ ಕಟ್ಟಲು ತಿಂಗಳುಗಳು. ಐದಾರು ವರ್ಷದ ಮಗುವಿಗೆ ಒಂದು ವಾರವೇ ದೀರ್ಘಕಾಲ. ಮಣ್ಣು ಕೆದಕುವುದು, ನೀರು ಎರಚುವುದು, ಎರೆಹುಳುವನ್ನು ಹುಡುಕುವುದು, ಬೆಳೆದುದನ್ನು ಕಿತ್ತು ತಿನ್ನುವುದು—ಇವು ಮಗುವಿಗೆ ಒಗ್ಗುವ ಕೆಲಸಗಳು. ಬಿತ್ತನೆಗೂ ಕೊಯ್ಲಿಗೂ ನಡುವೆ ಇರುವ ಕಳೆ ಮತ್ತು ಕಾಯುವಿಕೆ ಹಿರಿಯರವು. ಆದುದರಿಂದ ಮಕ್ಕಳು ಸೋತರೆಂದು ತೀರ್ಮಾನಿಸುವುದು ಸರಿಯಲ್ಲ. ಹಿರಿಯರು ಅವರಿಗೆ ತಮ್ಮ ಪಾಲಿನ ಕೆಲಸವನ್ನು ಹೊರಿಸಿದ್ದರು. ಅವರು ಅದನ್ನು ಬಿಟ್ಟು ತಮ್ಮ ಪಾಲಿನ ಆಟಕ್ಕೆ ಹಿಂದಿರುಗಿದರು.

ಹಾಗೆ ಹಿಂದಿರುಗಲು ಅವರಿಗೆ ಪಕ್ಕದಲ್ಲಿಯೇ ಬಯಲಿತ್ತೆಂಬುದು ಮುಖ್ಯವಾದ ಅಂಶ. ನಡುವೆ ಆಟದ ಬಯಲು, ಸುತ್ತಲೂ ತೋಟ ಎಂಬ ಈ ವಿನ್ಯಾಸದಲ್ಲಿ ದುಡಿಯುವ ಹಿರಿಯರ ಕಣ್ಣಳತೆಯಲ್ಲಿ ಮಕ್ಕಳು ಆಡಬಹುದಾಗಿತ್ತು. ಬೇಸರವಾದರೆ ಪಾತಿಗೆ ಬರಬಹುದಾಗಿತ್ತು, ಪಾತಿ ಬೇಸರವಾದರೆ ಬಯಲಿಗೆ ಓಡಬಹುದಾಗಿತ್ತು. ಜರ್ಮನಿಯ 1983ರ ಕಿರುದೋಟ ಶಾಸನ ಒಂದು ತೋಟದ ವಿಸ್ತಾರ 400 ಚದರ ಮೀಟರನ್ನು ಮೀರಬಾರದೆಂದು ವಿಧಿಸುವುದರ ಜೊತೆಗೆ, ತೋಟಸಮೂಹದ ಸಮಾನ ಸೌಕರ್ಯಗಳನ್ನು ಹೆಸರಿಸುವಾಗ ದಾರಿಗಳ ಜೊತೆಗೇ ಆಟದ ಜಾಗವನ್ನೂ ಎಣಿಸಿದೆ. ಲೈಪ್‌ಜಿಗ್‌ನ ಸಂಘದ ಹಳೆಯ ಕಟ್ಟಡದಲ್ಲಿ 1996ರಿಂದ ಕಿರುದೋಟಗಳ ವಸ್ತುಸಂಗ್ರಹಾಲಯವಿದೆ.

ಕೊನೆಯದಾಗಿ ಒಂದು ಮಾತು. ಫ್ರೋಬೆಲನ ‘ಮಕ್ಕಳ ತೋಟ’ ಕನ್ನಡಕ್ಕೆ ಬಂದಾಗ ತೋಟವೆಂಬ ಶಬ್ದ ಹಿಂದೆ ಉಳಿದು, ‘ಶಿಶುವಿಹಾರ’ ಎಂಬ ಹೆಸರು ನೆಲೆಗೊಂಡಿತು. ವಿಹಾರವೆಂದರೆ ಸಂಚಾರ, ವಿನೋದ, ಮನಬಂದಂತೆ ನಲಿದಾಟ. ಗೆಸೆಲನ ಪಾತಿಗಳನ್ನು ತೊರೆದು ಬಯಲಿಗೆ ಓಡಿದ ಮಕ್ಕಳು ಬೇಡಿದ್ದೂ ಅದನ್ನೇ. ತೋಟಕ್ಕೆ ಮಕ್ಕಳನ್ನು ಕರೆದೊಯ್ಯುವವರು ಅವರಿಗೊಂದು ಪಾತಿಯನ್ನು ಕೊಡುವುದು ಒಳ್ಳೆಯದೇ. ಅದನ್ನು ಬಿಟ್ಟು ಹೋಗುವ ಸ್ವಾತಂತ್ರ್ಯವನ್ನೂ, ಹೋಗಲು ಒಂದಿಷ್ಟು ಬಯಲನ್ನೂ ಕೊಡಬೇಕೆಂಬುದು ಈ ಚರಿತ್ರೆಯಿಂದ ತಿಳಿದುಬರುತ್ತದೆ.